ನೀರು ಕಾಣದ ದಾರ

ಕನ್ನಡಕದ ತಿರುಪು ಬಿದ್ದುಹೋದವರು ಮೊದಲು ನೆಲ ತಡಕುತ್ತಾರೆ, ಆಮೇಲೆ ಮನೆಯವರನ್ನು ಬೈಯುತ್ತಾರೆ, ಕಡೆಗೆ ಚಿಮಟದಣ್ಣನ ಅಂಗಡಿಗೆ ಬರುತ್ತಾರೆ. ಅಂಗಡಿ ಅನ್ನುವುದು ಮರ್ಯಾದೆಗೆ. ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಯಾರಿಗೂ ಬೇಡವಾಗಿ ಉಳಿದ ಒಂದು ಸಂದು ಅದು. ಮುಂದೆ ಗಾಜು, ಗಾಜಿನ ಹಿಂದೆ ಮೇಜು, ಮೇಜಿನ ಹಿಂದೆ ಅವನು. "ಗಿರಾಕಿ ಒಳಗೆ ಬಂದ್ರೆ ಅಣ್ಣ ಉಸಿರು ಬಿಡೋ ಹಾಗಿಲ್ಲ" ಎಂದು ಔಷಧಿ ಅಂಗಡಿಯವನು ನಗೆಯಾಡುತ್ತಿದ್ದ. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಸಾಸಿವೆಯ ಅರ್ಧದಷ್ಟಿರುವ ತಿರುಪನ್ನು ಚಿಮಟದಲ್ಲಿ ಎತ್ತಿ, ಇದೆಯೋ ಇಲ್ಲವೋ ಅನ್ನುವಂಥ ತೂತಿಗೆ ಇಳಿಸುವಾಗ ಅವನು ಉಸಿರು ಬಿಡುತ್ತಿರಲಿಲ್ಲ. ಬಿಟ್ಟರೆ ತಿರುಪು ಹಾರಿಹೋಗುತ್ತಿತ್ತು. ಆ ಕೈ ನಡುಗಿದ್ದನ್ನು ಕಂಡವರಿಲ್ಲ.

ಕೈ ಹಾಗಿದ್ದರೆ ಬಾಯಿ ಅದಕ್ಕೆ ತದ್ವಿರುದ್ಧ. ಎರಡು ಮಾತು ಒಟ್ಟಿಗೆ ಕೇಳಿದರೆ ಒಂದಕ್ಕೆ ಉತ್ತರ ಕೊಟ್ಟು ಇನ್ನೊಂದನ್ನು ನುಂಗಿಬಿಡುವ ಪೈಕಿ. ಮನೆಯ ಮಾತೆಲ್ಲ ಹೆಂಡತಿಯ ಪಾಲಿಗೆ. ಅವಳು ಬೀದಿಯ ತಿರುವಿನ ಲಾಂಡ್ರಿಯಲ್ಲಿ ಕೌಂಟರಿಗೆ ಕೂರುವವಳು. ಅಲ್ಲಿ ಚೀಟಿ ಕೊಡುವ ಪದ್ಧತಿ ಇತ್ತು, ಕೇಳುವ ಪದ್ಧತಿ ಇರಲಿಲ್ಲ. ಬಾಗಿಲಲ್ಲಿ ಮುಖ ಕಂಡರೆ ಸಾಕು, "ನೀಲಿ ಅಂಗಿ ನಿಮ್ದು. ತೋಳಿನ ಗುಂಡಿ ಹೋಗಿತ್ತು, ಹಾಕ್ಸಿದ್ದೀನಿ. ಮಗಳ ಜ್ವರ ಬಿಡ್ತಾ?" ಎನ್ನುವವಳು. "ಇವಳಿಗಿರೋದು ತಲೆ ಅಲ್ಲಪ್ಪ, ಬೀರು. ಎಲ್ಲಾ ಮಡಿಚಿ ಇಟ್ಟಿರ್ತಾಳೆ" ಎಂದು ಲಾಂಡ್ರಿಯ ಯಜಮಾನರು ಹೊಗಳುತ್ತಿದ್ದರು. ಈ ಬೀರುವಿನ ಮಾತು ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಚಿಮಟದಣ್ಣನಿಗೆ ಹಡಗಿನ ಹುಚ್ಚು ಹಿಡಿದದ್ದು ಹಲ್ಲಿನ ಡಾಕ್ಟರ ಬಾಗಿಲಲ್ಲಿ. ಕಾಯುವವರ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಕಾಲದ ಹಾಯಿಹಡಗು ಒಂದಿತ್ತು, ಮರದ್ದು. ಅದರ ಹಗ್ಗಗಳನ್ನು ನೋಡುತ್ತ ನೋಡುತ್ತ ಅವನಿಗೆ ಹಲ್ಲುನೋವೇ ಮರೆತುಹೋಯಿತು. ಮೂರು ಸಲ ಕರೆದ ಮೇಲೆ ಎದ್ದುಹೋದನಂತೆ. ಮನೆಗೆ ಬಂದು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ, ತಾನೂ ಒಂದು ಮಾಡುತ್ತೇನೆ ಅಂದ. ಹೆಂಡತಿಗೆ ಅದು ತಮಾಷೆಯಲ್ಲ ಅಂತ ಗೊತ್ತಾಗುವ ಹೊತ್ತಿಗೆ ಹಿಂದಿನ ಕೋಣೆ ತುಂಬ ಮರದ ಪುಡಿ.

ಆಟದ ಹಡಗಲ್ಲ ಅದು, ಅಳತೆಯ ಹಡಗು. ನಿಜವಾದದ್ದರ ಅರವತ್ತನಾಲ್ಕನೇ ಒಂದು ಪಾಲು. ಅಂದರೆ ಎಲ್ಲವೂ ಅದೇ ಲೆಕ್ಕದಲ್ಲಿ ಕುಗ್ಗಬೇಕು. ಆಳೆತ್ತರದ ಬಾಗಿಲು ಬೆರಳಿನ ಒಂದು ಗೆಣ್ಣಾಗಬೇಕು. ಹಾಯಿ ಕಟ್ಟುವ ದೊಡ್ಡ ನಿಲುಗಂಬ, ಕೂವೆಮರ ಅನ್ನುತ್ತಾರಲ್ಲ, ಅದು ಪೆನ್ಸಿಲ್ಲಿನ ಗಾತ್ರಕ್ಕಿಳಿಯಬೇಕು. ಒಡಲು, ಅಟ್ಟ, ಕಂಬ, ಇದೆಲ್ಲ ತಾಳ್ಮೆಯ ಕೆಲಸ. ತಾಳ್ಮೆ ಅವನಲ್ಲಿ ಬೇಕಾದಷ್ಟಿತ್ತು. ಸಿಕ್ಕಿಹಾಕಿಕೊಂಡದ್ದು ಹಗ್ಗದಲ್ಲಿ.

ಹಡಗಿನಲ್ಲಿ ಹಗ್ಗ ಎರಡು ಬಗೆ. ಕೂವೆಮರ ಬೀಳದಂತೆ ಎಳೆದು ನಿಲ್ಲಿಸುವ ದಪ್ಪ ಕಪ್ಪು ಹಗ್ಗ ಒಂದು. ಅದು ಕಟ್ಟಿದಲ್ಲೇ ಬಿಗಿದು ನಿಂತಿರುತ್ತದೆ. ಹಾಯಿ ಏರಿಸಿ ಇಳಿಸುವ, ರಾಟೆಗಳಲ್ಲಿ ಓಡಾಡುವ ತೆಳು ಬಿಳಿ ಹಗ್ಗ ಇನ್ನೊಂದು. ಅದು ತುಸು ಜೋತುಬಿದ್ದಿರಬೇಕು, ಈಗಷ್ಟೇ ಯಾರೋ ಎಳೆದು ಬಿಟ್ಟಹಾಗೆ. ಪೇಟೆಯ ಹೊಲಿಗೆ ದಾರ ತಂದು ಕಟ್ಟಿದ. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯಲ್ಲಿ ನೋಡಿದರೆ ಹಗ್ಗದ ಮೈತುಂಬ ರೋಮ, ಹಡಗಿಗೆ ಕಂಬಳಿಹುಳ ಹತ್ತಿದಂತಿತ್ತು. ನೈಲಾನ್ ತಂದ. ಅದು ಮಿಂಚಿತು, ಗಂಟು ಹಾಕಿದರೆ ಜಾರಿತು. ಅಲ್ಲಿಗೆ ಹಡಗು ನಿಂತಿತು, ಬೋಳು ಕಂಬಗಳ ಸಮೇತ.

ಆಗ ಅವನ ಕಣ್ಣು ಮನೆಯ ಬಟ್ಟೆ ಪೆಟ್ಟಿಗೆಯ ಮೇಲೆ ಬಿತ್ತು.

ಪೆಟ್ಟಿಗೆಯಲ್ಲಿದ್ದದ್ದು ಅವನ ಅಮ್ಮ ಕ್ರೋಶಾ ಕಡ್ಡಿಯಲ್ಲಿ ಹೆಣೆದ ದುಂಡು ಮೇಜಿನ ಹಾಸು. ನಡುವೆ ಒಂದು ಹೂವು, ಅದರ ಸುತ್ತ ಸುತ್ತುತ್ತ ಸುತ್ತುತ್ತ ಬೆಳೆದ ಹೆಣಿಗೆ. ಅಮ್ಮ ಅದನ್ನು ಅಕ್ಕನಿಗೆಂದೇ ಹೆಣೆದದ್ದು, ಅಕ್ಕನ ಕೈಗೇ ಕೊಟ್ಟದ್ದು. ಅಕ್ಕ ಮದುವೆಯಾದವಳಲ್ಲ, ಅಂಚೆ ಕಚೇರಿಯ ಕಿಟಕಿಯ ಹಿಂದೆ ಆಯುಷ್ಯ ಕಳೆದವಳು. ಬಾಡಿಗೆಯ ಒಂಟಿ ಕೋಣೆಯಲ್ಲಿ ಮಡಿಚುವ ಮೇಜಿನ ಮೇಲೆ ಉಂಡವಳು. "ನನ್ನ ಮೇಜಿಗೆ ಇದು ಹಾಸಿದ್ರೆ ಬೆಕ್ಕಿಗೆ ಕಂಬಳಿ ಹೊದಿಸಿದ ಹಾಗೆ. ನಿಮ್ಮನೇಲಿರ್ಲಿ, ದೊಡ್ಡ ಮೇಜು ತಗೊಂಡ ದಿನ ಒಯ್ತೀನಿ" ಎಂದು ತಮ್ಮನ ಮನೆಯಲ್ಲಿ ಇಟ್ಟಿದ್ದಳು. ಹುಡುಗಿಯಾಗಿದ್ದಾಗ ಅಮ್ಮನ ಪಕ್ಕ ಕೂತು ಅಕ್ಕನೂ ಕಡ್ಡಿ ಹಿಡಿದಿದ್ದಳು. ಹೆಣೆದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಬಿಚ್ಚಿದ ದಾರ ಗುಂಗುರು ಗುಂಗುರಾಗಿ ಮಡಿಲಲ್ಲಿ ಬಿದ್ದಾಗ ಅಮ್ಮ ಅದನ್ನು ತೊಳೆದು, ತುದಿಗೆ ಬೀಗದ ಕೈ ಕಟ್ಟಿ ತೂಗುಹಾಕುತ್ತಿದ್ದಳು. "ಬಿಚ್ಚಿದ ದಾರಕ್ಕೆ ನೆನಪು ಜಾಸ್ತಿ ಕಣ್ರೋ. ನೀರು ಕುಡಿಸಿದ್ರೇನೇ ಮರೆಯೋದು" ಅನ್ನುತ್ತಿದ್ದಳು.

ಅವನು ಹಾಸನ್ನು ಭೂತಗನ್ನಡಿಯಲ್ಲಿ ನೋಡಿದ. ನುಣ್ಣಗಿನ, ಗಟ್ಟಿ ಹುರಿಯ, ರೋಮವಿಲ್ಲದ ದಾರ. ಇಂಥದ್ದು ಈಗ ಯಾವ ಅಂಗಡಿಯಲ್ಲೂ ಇಲ್ಲ. ಅಂಚಿನ ಕಡೆಯ ಗಂಟನ್ನು ಚಿಮಟದಿಂದ ಸಡಿಲಿಸಿದ. ಒಂದು ಮಾರು ಸಾಕು, ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡ. ಕ್ರೋಶಾ ಹೆಣಿಗೆಯ ಗುಣ ನಿಮಗೆ ಗೊತ್ತಿರಬಹುದು: ಕಡೆಯ ಗಂಟೊಂದು ಕಾವಲುಗಾರ, ಅವನು ಎದ್ದುಹೋದರೆ ಮನೆಯೇ ಖಾಲಿ. ಎಳೆದಂತೆ ಬಂತು. ಆ ಮಾರು ಮುಗಿಯಿತು. ಒಂದು ಕಡೆ ಅಂಚು ಹೋದದ್ದು ಎದ್ದುಕಾಣುತ್ತದೆಂದು ಸುತ್ತಲಿನ ಅಂಚೂ ಬಿಚ್ಚಿದ. ಅಂಚಿಲ್ಲದ ಹಾಸು ಬೋಳೆಂದು ಇನ್ನೊಂದು ಸುತ್ತು. ಮೇಜಿನಷ್ಟಿದ್ದದ್ದು ತಟ್ಟೆಯಷ್ಟಾಯಿತು, ತಟ್ಟೆಯಷ್ಟಿದ್ದದ್ದು ಬಟ್ಟಲಿನಷ್ಟಾಯಿತು. ಕೊನೆಗೆ ಅಂಗೈಯಲ್ಲಿ ಉಳಿದದ್ದು ನಡುವಿನ ಹೂವು. ಅದನ್ನು ಬಿಚ್ಚಲು ಕೈ ಬರಲಿಲ್ಲ. ಹಳೆಯ ಕನ್ನಡಕದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಅಂಗಡಿಯ ಮೇಲಿನ ಹಲಗೆಗೆ ತಳ್ಳಿದ. ಬೆಕ್ಕು ಕಣ್ಣು ಮುಚ್ಚಿಕೊಂಡೇ ಹಾಲು ಕುಡಿದಿತ್ತು.

ಒಂದು ತಪ್ಪು ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ. ದಾರ ಗುಂಗುರು ಕಟ್ಟಿತ್ತು. ತೊಳೆಯಬೇಕು, ತೂಕ ಕಟ್ಟಿ ತೂಗಬೇಕು. ಅಮ್ಮನ ಮಾತು ಮರೆತವನಲ್ಲ ಅವನು. ಆದರೆ ಅಷ್ಟುದ್ದದ ಬಿಳಿ ದಾರ ಎಲ್ಲಿ ತೂಗಹಾಕುವುದು? ಅಂಗಡಿಗೆ ಗಾಜಿನ ಗೋಡೆ, ಬೀದಿಯೆಲ್ಲ ನೋಡುತ್ತದೆ. ಮನೆಯಲ್ಲಿ ಲಾಂಡ್ರಿಯವಳ ಕಣ್ಣು. ಹಾಗಾಗಿ ನೀರು ಕಾಣಿಸಲೇ ಇಲ್ಲ. ಒಣ ದಾರವನ್ನೇ ಜೇನುಮೇಣದ ಮೇಲೆ ಬಿಗಿಯಾಗಿ ಎಳೆದ. ಮೇಣ ಮೆತ್ತಿಕೊಂಡು ದಾರ ನೆಟ್ಟಗಾಯಿತು. ದಪ್ಪ ಹಗ್ಗಕ್ಕೆ ಮೂರೆಳೆ ಹೊಸೆದು ಬೂಟ್ ಪಾಲಿಶ್ ತಿಕ್ಕಿದ. ತೆಳು ಹಗ್ಗಕ್ಕೆ ಒಂಟಿ ಎಳೆ. ಹಾಯಿ ಕಟ್ಟುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದ, ಕಟ್ಟಿದರೆ ಹಗ್ಗ ಕಾಣುವುದಿಲ್ಲವಲ್ಲ. ದಿನದಿಂದ ದಿನಕ್ಕೆ ಹಡಗು ಉಸಿರಾಡತೊಡಗಿತು.

ಆ ಹೊತ್ತಿನಲ್ಲೇ ಅಕ್ಕ ಕೆಲಸದಿಂದ ನಿವೃತ್ತಳಾಗಿ, ಕಿಟಕಿ ದೊಡ್ಡದಿರುವ ಮನೆ ಹಿಡಿದು, ದುಂಡು ಮೇಜು ಕೊಂಡಳು.

"ಎಲ್ಲಿ ನನ್ನ ಆಸ್ತಿ?" ಎನ್ನುತ್ತಲೇ ಬಾಗಿಲು ದಾಟಿದಳು.

"ಬನ್ನಿ ಅತ್ತಿಗೆ, ಕಣ್ಣಿಗೆ ಕಾಣೋ ಹಾಗೆ ಮೇಲೇ ಇಟ್ಟಿದ್ದೀನಿ" ಎಂದು ಹೆಂಡತಿ ಪೆಟ್ಟಿಗೆ ತೆಗೆದಳು. ಮೇಲೆ ಇರಲಿಲ್ಲ. ಕೆಳಗೂ ಇರಲಿಲ್ಲ. ಒಂದೊಂದೇ ಬಟ್ಟೆ ಹೊರಗೆ ಬಂತು, ಪೆಟ್ಟಿಗೆಯ ತಳ ಕಂಡಿತು. ಹಿಂದಿನ ಕೋಣೆಯಲ್ಲಿ ಹಗ್ಗ ಹೊಸೆಯುತ್ತಿದ್ದವನು ಚಿಮಟ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತ.

"ನೀನೇನಾದ್ರೂ ನೋಡಿದ್ಯೇನೋ, ಪುಟ್ಟ?" ಅಕ್ಕ ಕೇಳಿದಳು. ಕೂದಲು ನೆರೆತರೂ ಅವಳಿಗೆ ಅವನು ಪುಟ್ಟನೇ.

"ನಾನ್ಯಾಕೆ ಪೆಟ್ಟಿಗೆ ತೆಗೀಲಿ?"

ಅದು ಸುಳ್ಳಲ್ಲ, ಬರೀ ಪ್ರಶ್ನೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಅವನ ಹೆಂಡತಿಯ ಕಡೆ ತಿರುಗಿದಳು. "ಮೊನ್ನೆ ನಿಮ್ಮ ಲಾಂಡ್ರಿಯವ್ರು ಹಳೇ ಬಟ್ಟೆ ಕೂಡ್ಸಿ ಆಸ್ಪತ್ರೆಗೆ ಕಳಿಸಿದ್ರಲ್ಲ. ನೀನೂ ಒಂದು ಗಂಟು ಕೊಟ್ಟೆ. ಅದರಲ್ಲಿ ಹೋಗಿರ್ಬೇಕು."

"ಇಲ್ಲ ಅತ್ತಿಗೆ! ಆ ಗಂಟು ನಾನೇ ಕಟ್ಟಿದ್ದು. ಎರಡು ಹೊದಿಕೆ, ಇವರ ಹಳೇ ಅಂಗಿ, ಒಂದು ಪರದೆ..." ಹೆಂಡತಿ ಬೆರಳು ಮಡಿಚುತ್ತ ನಿಂತಳು. "ಬಿಳೀದು ಇನ್ನೊಂದು ಏನೋ ಇತ್ತು. ಪರದೆನೇ ಅಲ್ವಾ ಅದು?" ಅವಳ ಕಣ್ಣು ಗಂಡನ ಕಡೆ ಹೊರಳಿತು. "ಇಲ್ಲ... ಹೋಯ್ತೇನೋ?"

ಆ ಒಂದು 'ಏನೋ' ಅವನ ಎದೆಯಲ್ಲಿ ತಿರುಪಿನಂತೆ ಇಳಿಯಿತು. ಅವನು ಚಿಮಟವನ್ನು ಜೇಬಿಗೆ ಹಾಕಿಕೊಂಡ.

"ಆಸ್ಪತ್ರೆಯವ್ರು ಅದರಲ್ಲಿ ಬ್ಯಾಂಡೇಜ್ ಕಟ್ಟಿರ್ತಾರೆ ಬಿಡು" ಎಂದು ಅಕ್ಕ ಚೀಲ ಎತ್ತಿಕೊಂಡು ಹೋದಳು. ಆಮೇಲೆ ಅವಳು ಆ ಮನೆಯ ಕಡೆ ತಲೆ ಹಾಕಲಿಲ್ಲ.

ಹಾಸು ಹೋದದ್ದು ಇರಲಿ, ಅದರ ಹಿಂದೆ ಹೆಂಡತಿಯ ಧೈರ್ಯವೂ ಹೊರಟಿತು. ಇಷ್ಟು ದೊಡ್ಡದನ್ನೇ ಗೊತ್ತಿಲ್ಲದೆ ಗಂಟಿಗೆ ಕಟ್ಟಿಕೊಟ್ಟವಳು ಇನ್ನೇನೇನು ಮರೆತಿರಬಹುದು? ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದು ವಾಪಸು ಬಂದು ಎಳೆದು ನೋಡುವಳು. ಒಲೆ ಆರಿಸಿ, ಆರಿಸಿದೆನಾ ಎಂದು ಮತ್ತೆ ಮುಟ್ಟುವಳು. ಲಾಂಡ್ರಿಯಲ್ಲಿ ಎಲ್ಲರನ್ನೂ ಚೀಟಿ ಕೇಳತೊಡಗಿದಳು. ಚೀಟಿ ಇಟ್ಟುಕೊಂಡು ರೂಢಿಯೇ ಇಲ್ಲದ ಗಿರಾಕಿಗಳು ಗೊಣಗಿದರು. ಗಾಬರಿಯಲ್ಲಿ ಒಬ್ಬರ ಕೋಟು ಇನ್ನೊಬ್ಬರಿಗೆ ಹೋಯಿತು. "ಏನಮ್ಮ, ಬೀರುವಿಗೆ ತುಕ್ಕು ಹಿಡೀತಾ?" ಯಜಮಾನರು ತಮಾಷೆಗೇ ಅಂದರು. ಮೊದಲಾಗಿದ್ದರೆ ಅವರಿಗೆ ಎರಡಕ್ಕೆ ನಾಲ್ಕು ಸೇರಿಸಿ ಕೊಡುತ್ತಿದ್ದವಳು ಅಂದು ಒಳಗೆ ಹೋಗಿ ಬಟ್ಟೆಗಳ ನಡುವೆ ಅತ್ತಳು.

"ನಮ್ಮ ದೊಡ್ಡಮ್ಮನಿಗೂ ಹೀಗೇ ಶುರುವಾಗಿದ್ದು ರೀ" ಎಂದಳು ಒಂದು ದಿನ ಊಟಕ್ಕೆ ಕೂತಾಗ. "ಮೊದಲು ಸಾಮಾನು ಮರೆತಳು, ಆಮೇಲೆ ಮನುಷ್ಯರನ್ನ. ಜನ ನಗೋ ಮುಂಚೆ ನಾನೇ ಕೆಲಸ ಬಿಟ್ಟುಬಿಡ್ತೀನಿ."

ಅವನು ತುತ್ತು ಕೆಳಗಿಟ್ಟ. "ಒಂದು ಮಾತು..."

"ಏನು?"

ಮಾತು ತುದಿನಾಲಗೆಗೆ ಬಂದಿತ್ತು. ಎದುರಿಗೆ ಅವಳ ಕಣ್ಣು. "ಉಪ್ಪು" ಅಂದ.

"ಉಪ್ಪೂ ಮರೆತೆನಾ!" ಎಂದು ಅವಳು ಎದ್ದಳು. ಉಪ್ಪು ಸರಿಯಾಗಿಯೇ ಇತ್ತು. ಅವಳು ತಂದು ಹಾಕಿದ್ದನ್ನೂ ಕಲಸಿಕೊಂಡು, ಉಪ್ಪುಪ್ಪಾದ ಅನ್ನವನ್ನು ಅವನು ಒಂದು ಅಗುಳೂ ಬಿಡದೆ ಉಂಡ. ತನಗೆ ತಾನೇ ವಿಧಿಸಿಕೊಂಡ ಶಿಕ್ಷೆ ಅದು, ಆದರೆ ಅಷ್ಟು ಸಣ್ಣ ಶಿಕ್ಷೆಯಿಂದ ಯಾರಿಗೇನು ಉಪಯೋಗ?

ಪಾತ್ರೆ ತೊಳೆಯತೊಡಗಿದ. ನೀರು ತುಂಬಿಡತೊಡಗಿದ. ಅವಳು ಎದ್ದರೆ "ನೀನು ಕೂತ್ಕೋ" ಅನ್ನತೊಡಗಿದ. ಅದು ಇನ್ನೂ ಕೆಟ್ಟದಾಯಿತು. ಇಪ್ಪತ್ತು ವರ್ಷ ಲೋಟ ಎತ್ತಿಡದ ಗಂಡ ಹೀಗೆ ಉಪಚಾರ ಮಾಡುತ್ತಾನೆ ಅಂದರೆ ತನ್ನ ಕಾಯಿಲೆ ಅವನಿಗೂ ಕಂಡಿದೆ ಅಂತಲೇ ಅರ್ಥ ಎಂದು ಅವಳು ತಿಳಿದಳು. ಅಂಗಡಿಯಲ್ಲಿ ಯಾರಾದರೂ "ಅಣ್ಣ, ಕಳೆದುಹೋದದ್ದು ಸಿಕ್ತು" ಎಂದು ತಿರುಪು ಚಾಚಿದರೂ ಇವನು ಬೆಚ್ಚುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ. ಮೇಲಿನ ಹಲಗೆಯ ಕಡೆಗೆ ಕಣ್ಣೆತ್ತುತ್ತಿರಲಿಲ್ಲ. ಎಂದೂ ನಡುಗದ ಕೈಯಿಂದ ಒಂದು ಸಂಜೆ ತಿರುಪು ಜಾರಿ ನೆಲಕ್ಕೆ ಬಿತ್ತು. ಗಿರಾಕಿಯ ಜೊತೆ ಅವನೂ ಮಂಡಿಯೂರಿ ನೆಲ ತಡಕಿದ.

ಹಡಗು ಮುಗಿಯಿತು. ಕೊನೆಯ ಹಗ್ಗದ ಸಿಂಬಿಯನ್ನು ಗೂಟಕ್ಕೆ ನೇತುಹಾಕಿ, ಗಾಜಿನ ಪೆಟ್ಟಿಗೆ ಮುಚ್ಚಿದ ದಿನ ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಬಹಳ ಹೊತ್ತು ನೋಡಿದಳು.

"ರೀ, ಇದನ್ನ ಅತ್ತಿಗೆಗೆ ಕೊಡೋಣ."

"ಯಾ... ಯಾಕೆ?"

"ಅವರ ಮೇಜು ಬರಿದಾಗಿದೆ. ಬರಿದು ಮಾಡಿದ್ದು ನಾನು. ಅಮ್ಮನ ಕೈಕೆಲಸ ಕಳೆದೆ, ಮಗನ ಕೈಕೆಲಸವಾದ್ರೂ ಅಲ್ಲಿರ್ಲಿ. ನಿಮಗೆ ಕಷ್ಟ ಆಗುತ್ತೆ, ಗೊತ್ತು. ನನ್ನ ಮುಖ ನೋಡಿ ಕೊಡಿ."

"ಅಲ್ಲಿ ಬಿಸಿಲು ಜಾಸ್ತಿ" ಎಂದ ಅವನು. ಹೇಳಬೇಕಾದ ನೂರು ಮಾತಿನಲ್ಲಿ ಹೊರಬಂದದ್ದು ಅದೊಂದೇ.

ಗಾಜಿನ ಪೆಟ್ಟಿಗೆಯ ಒಂದೊಂದು ತುದಿ ಹಿಡಿದುಕೊಂಡು ಇಬ್ಬರೂ ಬೀದಿಯಲ್ಲಿ ನಡೆದರು. "ಯಾವ ಸಮುದ್ರಕ್ಕಣ್ಣಾ ಸವಾರಿ?" ಎಂದು ಔಷಧಿ ಅಂಗಡಿಯವನು ಕೂಗಿದ. ಹೆಂಡತಿ ಎಷ್ಟೋ ದಿನದ ಮೇಲೆ ನಕ್ಕಳು.

ಅಕ್ಕ ಬಾಗಿಲು ತೆಗೆದು, ಹಡಗು ನೋಡಿ, ನಾದಿನಿಯ ಮುಖ ನೋಡಿದಳು. ಹೆಂಡತಿ ಕಟ್ಟಿಕೊಂಡು ಬಂದಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು: ತನ್ನದೇ ತಪ್ಪು, ಗೊತ್ತಿಲ್ಲದೆ ಆಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಅಕ್ಕನ ಕಣ್ಣು ತುಂಬಿತು. "ಹೋಗ್ಲಿ ಬಿಡೇ ತಾಯಿ. ಹಾಸು ಹೋದ್ರೆ ಹೋಯ್ತು, ಮನುಷ್ಯರು ಹೋಗ್ಬಾರ್ದು" ಎಂದು ಅವಳನ್ನು ತಬ್ಬಿಕೊಂಡಳು.

ಮಾಡದ ತಪ್ಪಿಗೆ ತನ್ನ ಹೆಂಡತಿಗೆ ಕ್ಷಮೆ ಸಿಗುವುದನ್ನು ಅವನು ನಿಂತು ನೋಡಿದ. ಹಡಗು ಮೇಜಿನ ನಡುವೆ ಕೂತಿತ್ತು, ಹಾಸು ಇರಬೇಕಾದ ಜಾಗದಲ್ಲೇ.

ಬೇಸಿಗೆ ಏರಿತು. ಒಂದು ಮಧ್ಯಾಹ್ನ ಅಂಗಡಿಗೆ ಅಕ್ಕನ ಫೋನು. "ನಿನ್ನ ಹಡಗಿಗೆ ಏನೋ ಆಗಿದೆ. ಬಾ. ಒಬ್ಬನೇ ಬಾ."

ಹೋಗಿ ನೋಡಿದ. ದೊಡ್ಡ ಕಿಟಕಿಯ ಬಿಸಿಲು ನೇರ ಗಾಜಿನ ಮೇಲೆ ಬೀಳುತ್ತಿತ್ತು, ಪೆಟ್ಟಿಗೆ ಮುಟ್ಟಿದರೆ ಬಿಸಿ. ದಪ್ಪ ಕಪ್ಪು ಹಗ್ಗಗಳು ಬಿಗಿದಂತೆಯೇ ಇದ್ದವು. ಜೋತುಬಿದ್ದಿರಬೇಕಾದ ತೆಳು ಹಗ್ಗಗಳ ಮೇಣ ಮಾತ್ರ ಕರಗಿ, ಅವು ಒಂದೊಂದೂ ತಮ್ಮ ಹಳೆಯ ಗುಂಗುರಿಗೆ ಮರಳಿದ್ದವು. ಕೂವೆಮರದಿಂದ ಇಳಿದ ಹಗ್ಗ ಹಗ್ಗದಂತಿರಲಿಲ್ಲ; ಬಳೆ ಬಳೆಯಾಗಿ, ಅಮ್ಮನ ಕಡ್ಡಿ ಎಲ್ಲೆಲ್ಲಿ ಸುತ್ತಿತ್ತೋ ಅಲ್ಲಲ್ಲೇ ಸುತ್ತಿಕೊಂಡಿತ್ತು. ಗೂಟಗಳ ಸಿಂಬಿಗಳು ಎದ್ದು ನಿಂತು ಹೂವಿನ ಎಸಳಿನಂತೆ ಮಡಿಚಿಕೊಂಡಿದ್ದವು.

ಅಕ್ಕ ಕುರ್ಚಿಯಲ್ಲಿ ಕೂತೇ ಇದ್ದಳು. "ನಾನು ಜೀವಮಾನದಲ್ಲಿ ಒಂದು ಕರವಸ್ತ್ರಾನೂ ಪೂರಾ ಹೆಣೀಲಿಲ್ಲ. ಬಿಚ್ಚಿದ್ದು ಮಾತ್ರ ರಾಶಿ. ಬಿಚ್ಚಿದ ದಾರ ಹೇಗಿರುತ್ತೆ ಅಂತ ನಂಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ, ಪುಟ್ಟ."

ಅವನು ತಲೆ ತಗ್ಗಿಸಿದ. "ಅಮ್ಮನ ದಾರ ಪೆಟ್ಟಿಗೇಲಿ ಸುಮ್ನೆ ಇರೋ ಬದಲು... ಹಡಗಾಗಿ ನಿನ್ನ ಹತ್ರಾನೇ ಬಂತಲ್ಲ ಅಕ್ಕ..."

"ಆಹಾ, ಚೆನ್ನಾಗಿ ಹೇಳ್ತೀಯ! ಮನೆ ಸುಟ್ಟು, ಬೂದಿ ತಂದ್ಕೊಟ್ಟು, 'ನಿನ್ನ ಮನೇನೇ ತಗೋ' ಅಂದ ಹಾಗೆ." ಅಕ್ಕನ ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಅವಳು ಇಲ್ಲಿ ನಿಂತ್ಕೊಂಡು ತಪ್ಪೆಲ್ಲ ತನ್ನದೇ ಅಂದಳಲ್ಲೋ. ಆಗ ನೀನು ಎಲ್ಲಿದ್ದೆ?"

"ಇಲ್ಲೇ."

"ಹೂಂ. ಇಲ್ಲೇ. ಹಾಸಿನ ವಿಷ್ಯ ನನಗೂ ನಿನಗೂ ಆಮೇಲಿರ್ಲಿ. ನನ್ನ ಹತ್ರ ತಪ್ಪಾಯ್ತು ಅನ್ನಬೇಡ, ನಂಗೆ ಬೇಡ ಅದು. ಹೋಗು, ಹೇಳಬೇಕಾದವಳಿಗೆ ಹೇಳು. ನಾನೇ ಹೇಳಿದ್ರೆ ಅವಳು ಇನ್ನು ಯಾವತ್ತೂ ನಿನ್ನ ಮುಖ ನೋಡಲ್ಲ."

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು, ಎಡಗೈಯ ಬೆರಳು ಎತ್ತಿ ಹಿಡಿದುಕೊಂಡು. "ಬಂದ್ರಾ? ಚಿಮಟ ತನ್ನಿ. ಮರೀಬಾರ್ದು ಅಂತ ಬೆರಳಿಗೆ ದಾರ ಕಟ್ಕೊಂಡೆ. ಏನು ಮರೀಬಾರ್ದು ಅನ್ನೋದೇ ಮರೆತೆ. ಈಗ ಗಂಟು ಬಿಗಿದು ಬೆರಳು ಊದಿದೆ ನೋಡಿ, ಹೇಗಿದೆ ನನ್ನ ಬುದ್ಧಿ!"

ಅವಳು ನಗಲು ನೋಡಿದಳು. ದಾರ ಅವನ ಕಸದ ಡಬ್ಬಿಯಿಂದ ಎತ್ತಿಕೊಂಡದ್ದು, ಹಡಗಿಗೆ ಕಟ್ಟಿ ಉಳಿದ ತುಂಡು. ಚಿಮಟ ತಂದು ಅವಳ ಕೈ ಹಿಡಿದ. ಗಂಟು ಸಣ್ಣದೇನಲ್ಲ, ಆದರೂ ಎರಡು ಸಲ ಜಾರಿ ಮೂರನೆಯ ಸಲ ಬಿಚ್ಚಿತು.

"ನೀನು ಹಾಸನ್ನ ಕೊಟ್ಟಿಲ್ಲ" ಎಂದ, ಬೆರಳಿನ ಕೆಂಪು ಗೆರೆಯನ್ನೇ ನೋಡುತ್ತ. "ನಾನು ತೆಗೆದೆ. ಹಡಗಿನ ಹಗ್ಗಕ್ಕೆ. ಪೂರಾ ಬಿಚ್ಚಿದೆ."

ಅವಳು ಅವನ ತಲೆ ನೇವರಿಸಿದಳು. "ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದ್ದೀರಿ. ನಿಮಗೆ ಸುಳ್ಳು ಹೇಳೋಕೆ ಬರಲ್ಲ ರೀ, ಸುಮ್ನಿರಿ."

ಇದೊಂದು ಅವನು ಎಣಿಸಿರಲಿಲ್ಲ. ಹೇಳುವುದೇ ಕಷ್ಟ ಅಂದುಕೊಂಡಿದ್ದ. ಹೇಳಿದ್ದನ್ನು ನಂಬದಷ್ಟು ಅವಳು ತನ್ನ ತಲೆಯ ಮೇಲೆ ನಂಬಿಕೆ ಕಳೆದುಕೊಂಡು, ಗಂಡನ ಮೇಲೆ ಇಟ್ಟುಕೊಂಡಿದ್ದಳು. "ನಿಜ ಕಣೇ" ಅಂದ. "ನಿಜ" ಅಂದ. ರೋಗಿಯೊಬ್ಬಳು ತನ್ನನ್ನು ಸಂತೈಸಲು ಬಂದವರನ್ನೇ ಸಂತೈಸುವಂತೆ ಅವಳು ತಲೆಯಾಡಿಸಿದಳು.

ಅವನು ಎದ್ದು ಅಂಗಡಿಗೆ ಓಡಿದ. ಮೇಲಿನ ಹಲಗೆಯ ಡಬ್ಬಿ ತಂದು ಅವಳ ಮಡಿಲಲ್ಲಿ ತೆರೆದ. ಅಂಗೈಯಗಲದ ಬಿಳಿ ಹೂವು.

ಅವಳು ಅದನ್ನು ಮುಟ್ಟಿದಳು. ತಿರುಗಿಸಿ ನೋಡಿದಳು. ಎಸಳೊಂದರ ಮೇಲಿನ ಸಣ್ಣ ಕಲೆಯನ್ನು ಬೆರಳಿಂದ ಉಜ್ಜಿದಳು. ಅತ್ತೆಯ ಕಾಲದ ಕಲೆ ಅದು, ಅವಳಿಗೆ ನೆನಪಿತ್ತು.

"ಹಾಗಾದ್ರೆ ನನ್ನ ತಲೆ ಸರಿಯಿದೆ" ಅಂದಳು ಮೊದಲು, ಮೆಲ್ಲಗೆ. "ಅದು ಪರದೆನೇ. ನಾನು ಸರಿಯಾಗೇ ಕಟ್ಟಿದ್ದೆ."

ಆಮೇಲೆ ಮುಖ ಎತ್ತಿದಳು. "ನಾನು ದೊಡ್ಡಮ್ಮನ ಮಾತು ಹೇಳಿದೆ. ಕೆಲಸ ಬಿಡ್ತೀನಿ ಅಂದೆ. ನೀವು ಉಪ್ಪು ಕೇಳಿದ್ರಿ."

ಅವನು ಖಾಲಿ ಡಬ್ಬಿಯ ಮುಚ್ಚಳ ಮುಚ್ಚಿದ.

"ಒಂದು ಮಾತು ಹೇಳಿ ನನ್ನ ಕೈಗೆ ಕೊಟ್ಟಿದ್ರೆ ನಾನೇ ತೊಳೆದು ಕೊಡ್ತಿದ್ದೆನಲ್ರೀ. ಅತ್ತಿಗೆ ಹತ್ರ ಬೈಗುಳ ತಿಂದು, ಬೇಡಿ, ತಂದು ಕೊಡ್ತಿದ್ದೆ. ಲಾಂಡ್ರಿಯವಳನ್ನ ಮನೇಲಿಟ್ಕೊಂಡು ಕೊಳಕು ದಾರ ಕಟ್ಟಿದ್ದೀರಿ ನೀವು." ಅಷ್ಟು ಹೇಳಿ ಹೂವನ್ನು ಮುಷ್ಟಿಯಲ್ಲಿ ಹಿಡಿದು ಅತ್ತಿಗೆಯ ಮನೆಗೆ ಹೊರಟಳು. ಸಂಜೆಯವರೆಗೆ ಬರಲಿಲ್ಲ.

ಬಂದವಳು ತೀರ್ಪು ತಂದಿದ್ದಳು. ಇಬ್ಬರೂ ಕೂಡಿ ಬರೆದದ್ದು. ತೆಳು ಹಗ್ಗ ಅಷ್ಟನ್ನೂ ಬಿಚ್ಚಬೇಕು. ತೊಳೆಯಬೇಕು. ಬಚ್ಚಲಲ್ಲಲ್ಲ, ಕೋಣೆಯಲ್ಲಲ್ಲ, ಮನೆಯ ಮುಂದೆ ಬಟ್ಟೆ ಒಣಹಾಕುವ ತಂತಿಗೆ ತೂಗಹಾಕಬೇಕು. ಕೇಳಿದವರಿಗೆಲ್ಲ ಇದೇನು ಅಂತ ಹೇಳಬೇಕು. ಲಾಂಡ್ರಿ ಯಜಮಾನರಿಗೆ ಎಲ್ಲರಿಗಿಂತ ಮೊದಲು.

ಯಜಮಾನರು ಕೇಳಿ ಮುಗಿಸಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟರು. "ಮೂರು ತಿಂಗಳಿಂದ ಆಯಮ್ಮ ನಮ್ಮ ಅಂಗಡೀಲಿ ಹೆದರಿ ಹೆದರಿ ಕೂತಿದ್ಳು, ಅಣ್ಣ" ಎಂದರು.

ಮರುದಿನ ಮನೆಯ ಮುಂದೆ ತಂತಿಯುದ್ದಕ್ಕೂ ಬಿಳಿ ದಾರಗಳು. ಒಂದೊಂದರ ತುದಿಗೂ ಹಳೆಯ ಕನ್ನಡಕದ ಒಂದೊಂದು ಗಾಜು; ಗಾಳಿಗೆ ತೂಗಿ, ಬಿಸಿಲಿಗೆ ಮಿನುಗಿ, ಇಡೀ ಬೀದಿಯನ್ನು ಕರೆಯುತ್ತಿದ್ದವು. ಕರೆದಂತೆ ಬಂದರು.

"ಏನಣ್ಣ ಇದು, ಹಡಗಿನ ಕರುಳಾ?" ಔಷಧಿ ಅಂಗಡಿಯವನು ಕೇಳಿದ.

"ನಮ್ಮಕ್ಕನ ಮೇಜಿನ ಹಾಸು. ನಾನು ಕದ್ದು ಬಿಚ್ಚಿದ್ದೆ. ತಪ್ಪು ಇವಳ ಮೇಲೆ ಹೋದಾಗ ಸುಮ್ಮನಿದ್ದೆ."

ಔಷಧಿ ಅಂಗಡಿಯವನ ನಗೆ ಅರ್ಧಕ್ಕೆ ನಿಂತಿತು. ಅವನಾದ ಮೇಲೆ ಚಪ್ಪಲಿ ಅಂಗಡಿಯವನು, ಆಮೇಲೆ ಎದುರುಮನೆಯ ಅಜ್ಜಿ, ಕೋಟು ಬದಲಾದವನು. ಎಷ್ಟು ಸಲ ಹೇಳಿದರೂ ಆ ಮಾತು ನಾಲಗೆಗೆ ಸಲೀಸಾಗಲಿಲ್ಲ. ಅಜ್ಜಿಗೆ ಕಿವಿ ಮಂದ, ಅವಳಿಗೆ ಕೂಗಿ ಹೇಳಬೇಕಾಯಿತು. ಹೆಂಡತಿ ಕಿಟಕಿಯೊಳಗೆ ಕೂತು ಕೇಳಿಸಿಕೊಂಡಳು. ಹೊರಗೆ ಬಂದು ಸಾಕು ಅನ್ನಲಿಲ್ಲ.

ನೀರು ಕುಡಿದ ದಾರ ಮರೆಯಿತು, ನೆಟ್ಟಗಾಯಿತು. ಹೆಂಡತಿ ಲಾಂಡ್ರಿಯಲ್ಲಿ ಚೀಟಿ ಕೇಳುವುದನ್ನು ಬಿಟ್ಟಳು, ಹೆಚ್ಚುಕಮ್ಮಿ. ಯಜಮಾನರಿಗೆ ಎರಡಕ್ಕೆ ನಾಲ್ಕು ಸೇರಿಸುವುದೂ ಮತ್ತೆ ಶುರುವಾಯಿತು.

ಒಣಗಿದ ದಾರವನ್ನು ಸುತ್ತಿ ಚೀಲಕ್ಕಿಟ್ಟುಕೊಂಡು, ಹಗ್ಗ ಹೊಸದಾಗಿ ಕಟ್ಟಲು ಅಕ್ಕನ ಮನೆಗೆ ಹೊರಟ ದಿನ ಅವಳೂ ಜೊತೆಗೆ ಬಂದಳು. ಬೀಗ ಹಾಕಿಕೊಂಡು ಬೀದಿಯ ತಿರುವಿಗೆ ಬಂದಿದ್ದರು. ಅವಳು ನಿಂತಳು.

"ಒಲೆ?"

"ಆರಿಸಿದ್ದೀಯ. ನಾನೇ ನೋಡ್ದೆ."

ಅವಳು ಅವನ ಮುಖ ನೋಡಿದಳು. ಆ ನೋಟದಲ್ಲಿ ಕೋಪವೂ ಇರಲಿಲ್ಲ, ಚುಚ್ಚುವ ಆಸೆಯೂ ಇರಲಿಲ್ಲ. ಅಳತೆ ಹಿಡಿದು ನೋಡಿದ ಹಾಗಿತ್ತು.

"ಒಂದು ಸಲ ನೋಡ್ಕೊಂಡು ಬಂದುಬಿಡ್ತೀನಿ" ಎಂದು ತಿರುಗಿದಳು.

ಅವನೂ ಅವಳ ಹಿಂದೆ ಹೋದ. ಬೀಗ ತೆಗೆದಳು, ಒಳಗೆ ಹೋಗಿ ಒಲೆಯ ಗುಂಡಿ ಮುಟ್ಟಿ ನೋಡಿದಳು. ಆರಿತ್ತು. ಅವನು ಹೊಸಿಲಲ್ಲಿ ಚೀಲ ಹಿಡಿದುಕೊಂಡು ನಿಂತಿದ್ದ.